ಪರೀಕ್ಷೆಯ ದಿನ ಹಿಂದಿನ ಸೀಟು

ಶಿವಗಣಾರಾಧನೆಯ ಊಟ ಮುಗಿಸಿ ತೊಳೆದ ಕೈ ಇನ್ನೂ ಆರಿರಲಿಲ್ಲ, ನನ್ನ ಮೈದುನ ನಮ್ಮ ಕಾರಿನ ಸುತ್ತ ಒಂದು ಸುತ್ತು ಬಂದ. ಬಾನೆಟ್ಟಿನ ಮೇಲೆ ತಟ್ಟಿದ, ಟೈರಿಗೆ ಒದ್ದು ನೋಡಿದ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಬಾಗಿಲು ತೆಗೆದು ಒಳಗೆ ಇಣುಕಿದ. ಅಣ್ಣ ಸತ್ತ ದುಃಖ ಅವನಿಗೆ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಊಟಕ್ಕೆ ಮುಂಚೆ ಇತ್ತು.

"ಇದನ್ನ ಇಟ್ಕೊಂಡು ಏನ್ ಮಾಡ್ತೀರಿ ಅತ್ತಿಗೆ, ಮಾರಿಬಿಡೋಣ. ಬಾಡಿಗೆ ಮನೆ ಬಿಟ್ಟು ನೀವಿಬ್ರೂ ದಾವಣಗೆರೆಗೆ ಬಂದುಬಿಡ್ರಿ. ಹುಡುಗೀನೂ ನಾಕು ಕೆಲಸ ಕಲ್ತಂಗಾಗುತ್ತೆ" ಅಂದ.

ಆ ನಾಲ್ಕು ಕೆಲಸ ಯಾವುವು ಅಂತ ನನಗೆ ಗೊತ್ತಿತ್ತು. ಅವನ ಮನೆಯಲ್ಲಿ ಆಗಲೇ ಒಬ್ಬ ವಿಧವೆ ಸೋದರತ್ತೆ ರೊಟ್ಟಿ ತಟ್ಟಿ ತಟ್ಟಿ ಗೂನಾಗಿದ್ದಳು. ಅವಳು ಹೋದ ಮೇಲೆ ಆ ಒಲೆಯ ಮುಂದೆ ನಾನು ಕೂರಬೇಕು, ನನ್ನ ಪಕ್ಕದಲ್ಲಿ ನನ್ನ ಮಗಳು. ಅವಳು ಆಗ ಇನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಳು, ಓದಿನಲ್ಲಿ ಚುರುಕಾಗಿದ್ದಳು. "ಕಾರು ಮಾರಲ್ಲ" ಅಂದೆ. "ಓಡಿಸೋರು ಯಾರು?" ಅಂದ. "ನಾನೇ" ಅಂದೆ. ಅವನು ಹೆಂಡತಿಯ ಮುಖ ನೋಡಿ ನಕ್ಕ.

ನಗಲಿ. ಆದರೆ ಒಂದು ತೊಡಕಿತ್ತು. ಕಾರು ಕೊಂಡದ್ದು ಊರಿನ ಜಮೀನಿನ ದುಡ್ಡಿನಲ್ಲಿ, ಕಾಗದಪತ್ರ ಮಾವನವರ ಹೆಸರಿನಲ್ಲಿ. ಕೊನೆಗೆ ಹಿರಿಯರೆಲ್ಲ ಕೂತು ತೀರ್ಮಾನ ಮಾಡಿದರು: ಹುಡುಗಿ ಓದುತ್ತಿರುವ ತನಕ ಕಾರು ಬೆಂಗಳೂರಿನಲ್ಲೇ ಇರಲಿ. ಒಂದು ಸಲ ನಪಾಸಾದಳೋ, ಓದು ಅಲ್ಲಿಗೆ ಸಾಕು, ಕಾರೂ ನಾವಿಬ್ಬರೂ ಊರಿಗೆ. ನಾನು ಒಪ್ಪಿದೆ. ಒಪ್ಪದೆ ಇನ್ನೇನು ಮಾಡಲಿ.

ಡ್ರೈವಿಂಗ್ ನನಗೆ ಕಲಿಸಿದವರು ನಮ್ಮ ಮನೆಯವರೇ. ಪ್ರೀತಿಯಿಂದ ಕಲಿಸಿದರು ಅಂತ ಯಾರೂ ತಿಳಿಯಬೇಡಿ. ಸಂಜೆಯಾದರೆ ಅವರಿಗೆ ಕಣ್ಣು ಮಂಜಾಗುತ್ತಿತ್ತು, ಕನ್ನಡಕ ಹಾಕುವುದಕ್ಕೆ ಜಂಬ ಬಿಡುತ್ತಿರಲಿಲ್ಲ. ಹೋಗುವಾಗ ಅವರು, ಕತ್ತಲಾದ ಮೇಲೆ ವಾಪಸು ಬರುವಾಗ ನಾನು ಅಂತ ಏರ್ಪಾಟು. ಬಸವೇಶ್ವರನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಅಲ್ಲಿಯ ಖಾಲಿ ರಸ್ತೆಗಳಲ್ಲಿ ಆ ಹಳೇ ಅಂಬಾಸಿಡರನ್ನು ಓಡಿಸುತ್ತ, ಅವರ ಬೈಗುಳ ತಿನ್ನುತ್ತ ಕಲಿತೆ. ಒಂದು ಸೈಟಿನ ಕಲ್ಲನ್ನು ಗುದ್ದಿ ಓರೆ ಮಾಡಿದ್ದೆ. ಆ ಸೈಟಿನವರು ಇವತ್ತಿಗೂ ಪಕ್ಕದವರ ಜಾಗದಲ್ಲಿ ಗೋಡೆ ಕಟ್ಟಿಕೊಂಡು ಇದ್ದಾರೋ ಏನೋ.

ನಮ್ಮ ಮನೆಯವರ ಆಫೀಸಿನಿಂದ ಬರುತ್ತಿದ್ದ ಪಿಂಚಣಿ ಬಾಡಿಗೆಗೂ ದಿನಸಿಗೂ ಸರಿಹೋಗುತ್ತಿತ್ತು. ಮಗಳ ಕಾನ್ವೆಂಟಿನ ಫೀಸು, ಪುಸ್ತಕ, ಯೂನಿಫಾರಂ ಕಾರಿನಿಂದಲೇ ಹುಟ್ಟಬೇಕಿತ್ತು. ಹೇಗೂ ಅವಳನ್ನು ಬಿಡಬೇಕು, ಜೊತೆಗೆ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಹೋದರೆ ಆಯಿತಲ್ಲ ಅನ್ನಿಸಿತು. ಪೆಟ್ರೋಲ್ ಬೆಲೆ ಏರಿದ ಕಾಲ. ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ಜನ ಬಾವಲಿಗಳ ಹಾಗೆ ಜೋತಾಡುತ್ತಿದ್ದರು. ರಾಜಾಜಿನಗರದಿಂದ ಹೊರಟು ಬಸವೇಶ್ವರನಗರ, ವಿಜಯನಗರ ಸುತ್ತಿ, ಮಾಗಡಿ ರಸ್ತೆ ಹಿಡಿದು ಕಾನ್ವೆಂಟಿಗೆ. ಹಿಂದಿನ ಸೀಟು ತುಂಬಿತು, ಮುಂದೆಯೂ ಮಗಳ ಪಕ್ಕ ಇಬ್ಬರು ಚಿಕ್ಕವರು.

ಮೊದಲಿಂದಲೂ ಒಂದು ವಿಷಯ ಗಮನಿಸಿದ್ದೆ. ಮಕ್ಕಳನ್ನು ಗೇಟಿನ ತನಕ ಕರೆತರುತ್ತಿದ್ದದ್ದು ಕೆಲಸದವಳು ಇಲ್ಲವೇ ಅಜ್ಜಂದಿರು. ತಾಯಂದಿರು ಕಿಟಕಿಯ ಪರದೆಯ ಹಿಂದೆ ನಿಲ್ಲುತ್ತಿದ್ದರು. ಬೆಳಿಗ್ಗೆ ಎದ್ದು ಬೋಳು ಹಣೆ ನೋಡಬಾರದು ನೋಡಿ. ಅವರು ನೋಡಬಾರದು, ಮಕ್ಕಳು ನೋಡಿದರೆ ಪರವಾಗಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದೆ, ಕುಡಿಯಲಿ ಬಿಡು ಅಂತ ನಾನೂ ಸುಮ್ಮನಿದ್ದೆ.

ಆಚೆಗೆ ಬಂದು ಮಾತಾಡಿಸುತ್ತಿದ್ದವರು ಒಬ್ಬರೇ, ವಕೀಲರೊಬ್ಬರ ತಂದೆ. ನಿವೃತ್ತ ಹೆಡ್‌ಮಾಸ್ತರರು, ನಮ್ಮವರೇ. ಹಣೆ ತುಂಬ ವಿಭೂತಿ ಹಚ್ಚಿ, ಮೊಮ್ಮಗಳ ಚೀಲ ಹಿಡಿದು ಬಂದು, "ನೀವು ಮಾಡ್ತಿರೋದು ದೊಡ್ಡ ಕೆಲಸ ಕಣಮ್ಮ. ನಮ್ಮ ಧರ್ಮದಲ್ಲಿ ಶಕುನ ಇಲ್ಲ, ಸೂತಕ ಇಲ್ಲ, ಹೆಣ್ಣು ಗಂಡು ಅನ್ನೋದಿಲ್ಲ" ಅಂತ ದಿನವೂ ಹೇಳುತ್ತಿದ್ದರು. ಕಾರು ಹೊರಡಬೇಕಾದರೆ ಅವರ ಭಾಷಣ ಮುಗಿಯಬೇಕಿತ್ತು. ನನಗೆ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ವಾರ್ಷಿಕ ಪರೀಕ್ಷೆ ಬಂತು. ಮೊದಲ ದಿನ ಮೊದಲ ಮನೆಯಲ್ಲಿ ಹಾರ್ನ್ ಮಾಡಿದರೆ ಕೆಲಸದವಳು ಬಂದು, "ಇವತ್ತು ಅವ್ರಪ್ಪನೇ ಬಿಡ್ತಾರಂತೆ" ಅಂದಳು. ಎರಡನೆಯ ಮನೆಯಲ್ಲಿ ಮಾವ ಬಂದಿದ್ದಾನಂತೆ. ಅದರ ಮುಂದಿನ ಮನೆಯಲ್ಲಿ ಬಾಗಿಲೇ ತೆಗೆಯಲಿಲ್ಲ. "ಏನು, ಎಲ್ಲರಿಗೂ ಒಂದೇ ದಿನ ಮಾವಂದಿರು ಬಂದುಬಿಟ್ಟರಾ?" ಅಂತ ನಾನು ನಗುತ್ತ ಕೇಳಿದೆ. ಮಗಳು ನಗಲಿಲ್ಲ. "ನಡಿ ಅಮ್ಮಾ, ಹೊತ್ತಾಗತ್ತೆ" ಅಂದಳು. ಅವಳಿಗೆ ನನಗಿಂತ ಮೊದಲೇ ಅರ್ಥವಾಗಿತ್ತು.

ಮಾಗಡಿ ರಸ್ತೆ ಟೋಲ್‌ಗೇಟಿನ ಬಸ್ ಸ್ಟಾಪಿನಲ್ಲಿ ನನ್ನ ಕಾರಿನ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಅವರನ್ನು ಕಾಯುತ್ತ ಕೊಡೆ ಹಿಡಿದು ನಿಂತಿದ್ದವರು ನಮ್ಮ ಹೆಡ್‌ಮಾಸ್ತರರು. ಅವರ ಮೊಮ್ಮಗಳು ಕಾರು ಕಂಡ ಕೂಡಲೇ "ಆಂಟೀ" ಅಂತ ಕೈ ಎತ್ತಿದಳು. ಅವರು ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಮಗುವಿನ ಮುಖವನ್ನು ಕೊಡೆಯಿಂದ ಮರೆ ಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಧರ್ಮದಲ್ಲಿ ಇಲ್ಲದ್ದು ಕೊಡೆಯಲ್ಲಿತ್ತು.

ಸಂಜೆ ವಕೀಲರ ಹೆಂಡತಿ ನಮ್ಮ ಮನೆಗೆ ಬಂದಳು. ಎಲ್ಲ ತಾಯಂದಿರ ಪರವಾಗಿ ಬಂದಿದ್ದಳು. ಗಂಡನಿಗಿಂತ ಚೆನ್ನಾಗಿ ವಾದ ಮಾಡುವವಳು.

"ತಪ್ಪು ತಿಳ್ಕೋಬೇಡಿ ಅಕ್ಕಾ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಮಕ್ಕಳ ಭವಿಷ್ಯ ಅಂದಾಗ ಮನಸ್ಸು ಕೇಳಲ್ಲ ಅಷ್ಟೇ. ಬಸ್ಸಲ್ಲಿ ಮಕ್ಕಳು ಸುಸ್ತಾಗಿಬಿಟ್ವು. ಅದಕ್ಕೇ ಒಂದು ಯೋಚನೆ ಮಾಡಿದೀವಿ."

ಯೋಚನೆ ಹೀಗಿತ್ತು. ಪರೀಕ್ಷೆಯ ದಿನಗಳಲ್ಲಿ ನಾನು ಗೇಟಿನ ಮುಂದೆ ನಿಲ್ಲಿಸಬಾರದು, ದಾಟಿ ಹೋಗಿ ತಿರುವಿನಲ್ಲಿ ನಿಲ್ಲಿಸಬೇಕು. ಮಗು ಹೊಸ್ತಿಲು ದಾಟುವಾಗ ತಾಯಿಯೇ ತುಂಬಿದ ಬಿಂದಿಗೆ ಹಿಡಿದು ಎದುರು ಬರುತ್ತಾಳೆ. ಆಮೇಲೆ ಮಕ್ಕಳು ಹಿಂದಿನಿಂದ ಬಂದು ಹಿಂದಿನ ಸೀಟಿನಲ್ಲೇ ಕೂರುತ್ತವೆ. ನಾನು ತಿರುಗಿ ನೋಡಬಾರದು.

"ಇನ್ನೊಂದು" ಅಂದಳು. "ಒಳಗಡೆ ಕನ್ನಡಿ ಇದೆಯಲ್ಲ, ಅದನ್ನ ಸ್ವಲ್ಪ ಮೇಲಕ್ಕೆ ತಿರುಗಿಸಿಬಿಟ್ರೆ ಒಳ್ಳೇದು. ಮಕ್ಕಳು ಅದರಲ್ಲಿ ನೋಡ್ಬಿಡ್ತಾವೆ."

"ಹಿಂದೆ ಲಾರಿ ಬಂದರೆ ನನಗೆ ಕಾಣೋದು ಹೇಗಮ್ಮ?"

"ದೇವರಿದ್ದಾನೆ ಬಿಡಿ ಅಕ್ಕಾ" ಅಂದಳು. ತಮಾಷೆಗೆ ಹೇಳಲಿಲ್ಲ. ಲಾರಿಗಿಂತ ನನ್ನ ಮುಖ ಅಪಾಯ ಅಂತ ಲೆಕ್ಕ ಹಾಕಿಯೇ ಬಂದಿದ್ದಳು. ಹೊರಡುವಾಗ, "ವಿಜಯನಗರದಲ್ಲಿ ಯಾರೋ ಹೊಸದಾಗಿ ವ್ಯಾನ್ ಇಟ್ಟಿದಾರಂತೆ. ನಾವೇನೂ ವಿಚಾರಿಸಿಲ್ಲ" ಅಂತಲೂ ಸೇರಿಸಿದಳು.

ಅವಳ ಜುಟ್ಟು ಹಿಡಿದು ಆಚೆಗೆ ದಬ್ಬಬೇಕು ಅನ್ನಿಸಿತು. ಆದರೆ ಮಕ್ಕಳು ವ್ಯಾನಿಗೆ ಹೋದರೆ ಕಾರು ನಿಲ್ಲುತ್ತಿತ್ತು, ಕಾರು ನಿಂತರೆ ಮೈದುನ ಬಂದು ಅದರ ಸುತ್ತ ಇನ್ನೊಂದು ಸುತ್ತು ಹಾಕುತ್ತಿದ್ದ. ಒಳಗೆ ಮಗಳು ಮಾರನೆಯ ದಿನದ ಚರಿತ್ರೆ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. "ಆಯ್ತಮ್ಮ" ಅಂದೆ.

ಅಲ್ಲಿಂದ ಮುಂದೆ ಪ್ರತಿ ಪರೀಕ್ಷೆಗೂ ಅದೇ ಪದ್ಧತಿ. ತಿರುವಿನಲ್ಲಿ ಎಂಜಿನ್ ಆಫ್ ಮಾಡದೆ ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂರುತ್ತಿದ್ದೆ. ಹಿಂದೆ ಬಾಗಿಲು ತೆಗೆದ ಸದ್ದು, ಚೀಲ ಬಿದ್ದ ಸದ್ದು, ಪಿಸುಮಾತು. ಎಲ್ಲರೂ ಹಿಂದೆಯೇ ಕೂರಬೇಕಾದ್ದರಿಂದ ಒಬ್ಬರ ತೊಡೆಯ ಮೇಲೆ ಒಬ್ಬರು ತುರುಕಿಕೊಳ್ಳುತ್ತಿದ್ದರು. ನಾನೂ ಸಂತಳಲ್ಲ. ಹಳ್ಳ ಬಂದರೆ ಬ್ರೇಕಿನ ಮೇಲೆ ಕಾಲಿಡುತ್ತಿರಲಿಲ್ಲ, ಮಗ್ಗಿ ಒಪ್ಪಿಸುತ್ತಿದ್ದ ಬಾಯಿಗಳು ಹಾರಿ ಬಿದ್ದಾಗ ನನಗೆ ಸಮಾಧಾನವಾಗುತ್ತಿತ್ತು. ಒಂದು ದಿನ ಹೆಡ್‌ಮಾಸ್ತರರ ಮೊಮ್ಮಗಳು ಹಿಂದಿನಿಂದ ಕೇಳಿದಳು, "ಆಂಟಿ, ನಿಮ್ಮ ಮುಖಕ್ಕೆ ಏನಾಗಿದೆ?" ನನಗೇನೋ ಹುಣ್ಣಾಗಿದೆ, ಅದಕ್ಕೇ ತೋರಿಸುತ್ತಿಲ್ಲ ಅಂದುಕೊಂಡಿತ್ತು ಪಾಪ ಆ ಕೂಸು. "ಏನೂ ಆಗಿಲ್ಲಮ್ಮ" ಅಂದೆ, ತಿರುಗದೆ.

ಆ ದಿನಗಳಲ್ಲೂ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನನ್ನ ಮಗಳು ಒಬ್ಬಳೇ. ಬೇಕೆಂತಲೇ ನನ್ನ ಕಡೆಗೆ ಪೂರ್ತಿ ತಿರುಗಿ ಕೂತು, ನನ್ನ ಮುಖ ನೋಡುತ್ತಲೇ ಪಾಠ ಒಪ್ಪಿಸುತ್ತಿದ್ದಳು. ಅವಳಿಗೆ ನನ್ನ ಬಾಯಿಯೇ ಬಂದಿತ್ತು. ರಾತ್ರಿ ಊಟಕ್ಕೆ ಕೂತಾಗ ವಕೀಲರ ಹೆಂಡತಿ ಬಿಂದಿಗೆ ಹಿಡಿದು ಎದುರು ಬರುವುದನ್ನು ನಟಿಸಿ ತೋರಿಸುತ್ತಿದ್ದಳು, ನಾವಿಬ್ಬರೂ ನಕ್ಕು ನಕ್ಕು ಅನ್ನ ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದೆವು. ಇಡೀ ಬಡಾವಣೆ ಒಂದು ಕಡೆ, ನಾವಿಬ್ಬರು ಒಂದು ಕಡೆ. ಅವಳಿದ್ದಾಳಲ್ಲ, ಸಾಕು ಅನ್ನಿಸುತ್ತಿತ್ತು.

ಎಸ್ಸೆಸ್ಸೆಲ್ಸಿ ವರ್ಷ ಪ್ರಿಪರೇಟರಿ ಪರೀಕ್ಷೆಯಲ್ಲಿ ಅವಳು ಲೆಕ್ಕದಲ್ಲಿ ನಪಾಸಾದಳು. ಅದುವರೆಗೆ ಯಾವ ವಿಷಯದಲ್ಲೂ ಹಾಗಾಗಿರಲಿಲ್ಲ. ಸುದ್ದಿ ದಾವಣಗೆರೆಗೆ ಹೇಗೆ ಮುಟ್ಟಿತೋ, ಮೈದುನ ಮುಂದಿನ ಭಾನುವಾರವೇ ಬಂದು ಕಾಫಿ ಕುಡಿದು, "ಇದು ಲೆಕ್ಕಕ್ಕಿಲ್ಲ ಬಿಡ್ರಿ, ದೊಡ್ಡ ಪರೀಕ್ಷೆ ನೋಡೋಣ. ಗಂಡಿನ ಕಡೆಯೋರಿಗೂ ಅಲ್ಲೀವರೆಗೂ ಕಾಯ್ರಿ ಅಂದಿದೀನಿ" ಅಂದ. ಗಂಡನ್ನೂ ನೋಡಿಟ್ಟಿದ್ದ. ವಕೀಲರ ಹೆಂಡತಿ ನನಗೇನೂ ಹೇಳಲಿಲ್ಲ. ನನ್ನ ಮಗಳಿಗೆ ಹೇಳಿದಳು. ರಸ್ತೆಯಲ್ಲಿ ನಿಲ್ಲಿಸಿ, ತಲೆ ಸವರಿ, "ನಮ್ಮ ಮಕ್ಕಳೆಲ್ಲ ಪಾಸು, ನೀನೊಬ್ಬಳೇ ಹೀಗಾಯ್ತಲ್ಲ ಕಣೇ. ನೀನೊಬ್ಬಳೇ ತಾನೆ ಮುಂದೆ ಕೂರೋದು" ಅಂದಳಂತೆ. ಮಗಳು ಅದನ್ನು ನನಗೆ ಹೇಳುವಾಗ ನಟಿಸಲಿಲ್ಲ. ನಾನು ಊಟಕ್ಕೆ ಕೂತಲ್ಲಿಂದಲೇ ವಕೀಲರ ಹೆಂಡತಿಗೆ ಬಾಯಿಗೆ ಬಂದಂತೆ ಬೈದೆ. ಮಗಳು ತಟ್ಟೆ ನೋಡುತ್ತ ಕೂತಿದ್ದಳು.

ದೊಡ್ಡ ಪರೀಕ್ಷೆಯ ಬೆಳಿಗ್ಗೆ ನಾನು ಎದ್ದು ಅವಲಕ್ಕಿ ಒಗ್ಗರಣೆ ಮಾಡಿದೆ. ಅವಳು ಅಡುಗೆಮನೆಗೆ ಬರಲಿಲ್ಲ. "ಅಲ್ಲೇ ಹೊಸ್ತಿಲ ಹತ್ರ ಇಡಮ್ಮಾ, ತಗೋತೀನಿ" ಅಂದಳು. ಓದುತ್ತಿರಬೇಕು ಅಂದುಕೊಂಡೆ. ಗೋಡೆಗೆ ಮುಖ ಮಾಡಿ ತಿಂದಳು. ಮಹಡಿಯ ಮನೆಯ ಹೆಂಗಸು ಕೆಳಗೆ ಇಳಿದು ಬಂದ ಸದ್ದಾಯಿತು, ಬಿಂದಿಗೆ ನೆಲಕ್ಕೆ ಇಟ್ಟ ಸದ್ದಾಯಿತು. ಕೈ ಒರೆಸಿಕೊಂಡು ಆಚೆ ಬರುವಷ್ಟರಲ್ಲಿ ಮಗಳು ಮನೆಯಲ್ಲಿರಲಿಲ್ಲ. ಮಹಡಿಯವಳು ಗೇಟಿನಲ್ಲಿ ತುಂಬಿದ ಬಿಂದಿಗೆಯ ಪಕ್ಕ ನಿಂತಿದ್ದಳು, ಅವಳ ಹಣೆಯ ಕುಂಕುಮ ಆಗ ತಾನೇ ಇಟ್ಟದ್ದು. "ತಿರುವಿನಲ್ಲಿ ಕಾಯ್ತೀನಿ ಅಂತ ಹೇಳಿ ಹೋದ್ಳು" ಅಂದು, ನನ್ನ ಮುಖ ನೋಡಲಾಗದೆ ಒಳಗೆ ಹೋದಳು.

ನಾನು ಕಾರು ತೆಗೆದೆ. ಅವತ್ತು ಬೇರೆ ಮಕ್ಕಳಿರಲಿಲ್ಲ. ತಿರುವಿನಲ್ಲಿ ಬೆನ್ನು ಮಾಡಿ ನಿಂತಿದ್ದಳು. ದಾಟಿ ಹೋಗಿ ನಿಲ್ಲಿಸಿದೆ. ನನಗೆ ಅಭ್ಯಾಸ ಇತ್ತಲ್ಲ. ಹಿಂದಿನ ಬಾಗಿಲು ತೆಗೆದ ಸದ್ದಾಯಿತು. ಆ ಒಂದು ಗಳಿಗೆಯಲ್ಲೂ ಮುಂದೆ ಬಂದಾಳು ಅಂತ ಕಾದೆ.

"ಅಮ್ಮಾ, ಕನ್ನಡಿ" ಅಂದಳು.

ತಿರುಗಿಸಿದೆ. ಬೇರೆ ಮಕ್ಕಳಿಗೆ ಹಾರಿಸಿದ ಹಳ್ಳಗಳನ್ನೆಲ್ಲ ಅವತ್ತು ನಿಧಾನವಾಗಿ ದಾಟಿಸಿದೆ, ಅವಳ ಮಸಿ ತುಂಬಿದ ಪೆನ್ನು ಸೋರದಿರಲಿ ಅಂತ. ಇಡೀ ಬಡಾವಣೆ ಮಾಡಿದ್ದು ನನಗೆ ಸಿಟ್ಟು ತರಿಸಿತ್ತು. ಇದು ಸಿಟ್ಟು ತರಿಸಲಿಲ್ಲ. ಪರೀಕ್ಷೆಯ ಕೇಂದ್ರದ ಮುಂದೆ ಇಳಿದು, ತಿರುಗಿ ನೋಡದೆ ಹೋದಳು. ಪರೀಕ್ಷೆ ಮುಗಿಯುವ ತನಕ ಪ್ರತಿದಿನವೂ ಹಾಗೆಯೇ ಕರೆದುಕೊಂಡು ಹೋದೆ.

ಫಸ್ಟ್ ಕ್ಲಾಸಿನಲ್ಲಿ ಪಾಸಾದಳು, ಲೆಕ್ಕದಲ್ಲೇ ಎಲ್ಲಕ್ಕಿಂತ ಹೆಚ್ಚು ನಂಬರು. ವಕೀಲರ ಹೆಂಡತಿ ಸಕ್ಕರೆ ತಂದು ಕೊಟ್ಟು "ನೋಡಿದ್ರಾ ಅಕ್ಕಾ?" ಅಂದಳು. ಹೆಡ್‌ಮಾಸ್ತರರು ಶಿವನ ದಯೆ ಅಂದರು. ಮೈದುನ ಬಂದು ಕಾರಿನ ಕಡೆ ಕಣ್ಣೆತ್ತಿಯೂ ನೋಡದೆ ಸಂಜೆಯ ಬಸ್ಸಿಗೇ ಹೊರಟುಹೋದ. ಕಾರು ಉಳಿಯಿತು, ಮನೆ ಉಳಿಯಿತು, ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಾನು ಬೇಡಿಕೊಂಡಿದ್ದೆಲ್ಲ ಆಗಿತ್ತು.

ಎಲ್ಲರೂ ಹೋದ ಮೇಲೆ ಮಗಳು ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಮೊದಲಿನ ಹಾಗೆಯೇ ನನ್ನ ಮುಖ ನೋಡುತ್ತ, ಸಾಯನ್ಸ್ ತಗೊಳ್ಳಲಾ, ಕಾಮರ್ಸಾ ಅಂತ ಹರಟಿದಳು. ನಾನು ತಡೆದುಕೊಳ್ಳಬೇಕಿತ್ತು, ಆಗಲಿಲ್ಲ. "ಅವತ್ತು ನನ್ನ ಮುಖ ನೋಡ್ಕೊಂಡು ಹೋಗಿದ್ರೆ ನಪಾಸಾಗ್ತಿದ್ಯಾ ಮಗಳೇ?" ಅಂತ ಕೇಳಿದೆ.

ಇಲ್ಲ ಅನ್ನಲಿ ಅಂತ ಕೇಳಿದ್ದು. ಸುಳ್ಳಾದರೂ ಸರಿ. ಅವಳು ಸೂರಿನ ಕಡೆ ನೋಡುತ್ತ, ನಿಜವಾಗಿಯೂ ಯೋಚನೆ ಮಾಡಿದಳು.

"ಈಗ್ಯಾಕಮ್ಮಾ ಅದೆಲ್ಲ? ಪಾಸಾಯ್ತಲ್ಲ" ಅಂದಳು.