ಸೊಪ್ಪಿನ ಕೋಣೆಯ ಕಿಟಕಿ

ಮನೆಗಳಲ್ಲಿ ರೇಡಾನ್ ಅನಿಲ ಅಳೆಯುವ ಕೆಲಸಕ್ಕೆ ನಾನು ಕಟ್ಟೆಮಳಲವಾಡಿಗೆ ಓಡಾಡುತ್ತಿದ್ದೆ. ಅದರ ಗುರುತು ಹಿಡಿಯುವ ಫಿಲ್ಮ್ ಇಟ್ಟ ಪ್ಲಾಸ್ಟಿಕ್ ಲೋಟವನ್ನು ಕೋಣೆಯಲ್ಲಿ ತೂಗುಹಾಕಿ, ಮೂರು ತಿಂಗಳಾದ ಮೇಲೆ ಬಿಚ್ಚಿಕೊಂಡು ಬರುವುದು. ಲೋಟ ಕಟ್ಟಿಸಿಕೊಳ್ಳಲು ಒಪ್ಪಿದವರೇ ಕಡಿಮೆ. ಒಪ್ಪಿದವರಲ್ಲಿ ಗೌರಮ್ಮನವರ ಮಲಗುವ ಕೋಣೆಯ ರೇಡಾನ್ ಅಳತೆ ಎಲ್ಲರಿಗಿಂತ ಹೆಚ್ಚು ಬಂತು.

ಹೋಗಿ ಹೇಳಿದೆ. "ಇದು ನೆಲದಿಂದ ಬರೋ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ಒಳಗೇ ತುಂಬಿಕೊಂಡರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಕಿಟಕಿ ತೆಗೆದಿಡಿ."

ಅವರ ಯಜಮಾನರು ಸಿದ್ದೇಗೌಡರು ಒಪ್ಪಲಿಲ್ಲ. "ಆಗಲ್ಲ ಕಣ್ರೀ. ಬೇಯಿಸಿದ ಹೊಗೆಸೊಪ್ಪಿನ ಮೂಟೆ ಅಲ್ಲೇ ಇರೋದು. ಗಾಳಿ ತಾಕಿದ್ರೆ ಒಣಗಿ ಪುಡಿಯಾಯ್ತದೆ. ಕಾಣ್ದೇ ಇರೋದಕ್ಕೆ ಎದ್ರಿ ಕಾಣೋ ಸೊಪ್ಪು ಕಳ್ಕೊಳಾನಾ?"

ಅಷ್ಟರಲ್ಲಿ ಗೌರಮ್ಮ ಅಡುಗೆಮನೆಯಿಂದ ಬಂದರು.

"ಸಾರ್, ಅಲ್ಲಿ ಮಲಗಿದ್ರೆ ಕೆಟ್ಟದ್ದು ಅಂದ್ರಲ್ಲ, ಇನ್ನೊಂದ್ಸಲ ಏಳಿ. ಇವರಿಗೆ ಕೇಳೋ ಅಂಗೆ."

ಹೇಳಿದೆ.

"ಕೇಳುಸ್ತಾ? ಮದ್ವೆಯಾಗಿ ಬಂದಾಗಿಂದ ಬಡ್ಕೋತಾ ಇದ್ದೀನಿ, ಆ ಮೂಟೆ ಜೊತೆ ಮಲಗಕ್ಕಾಗಲ್ಲ ಅಂತ."

ಸಂಜೆಯೊಳಗೆ ಮೂಟೆಗಳೆಲ್ಲ ಬಿಸಿಗಾಳಿಯಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಕಟ್ಟಡಕ್ಕೆ ಹೋದವು. ಕಿಟಕಿಗೆ ತುರುಕಿದ್ದ ಗೋಣಿಚೀಲವನ್ನು ಗೌರಮ್ಮನೇ ಎಳೆದು ಅಂಗಳಕ್ಕೆ ಎಸೆದರು.

ಮುಂದಿನ ಮೂರು ತಿಂಗಳ ಅಳತೆ ಚೆನ್ನಾಗಿ ಇಳಿದಿತ್ತು. ಆ ಸುದ್ದಿ ಹೇಳಲು ಹೋದರೆ ಜಗಲಿಯ ಮೇಲೆ ಬೀದಿಯ ಹೆಂಗಸರೆಲ್ಲ ನನಗಾಗಿ ಕಾಯುತ್ತಿದ್ದರು. ವರ್ಷವಿಡೀ ಗಂಟಲು ಹರಿದುಕೊಂಡರೂ ಬಾರದಿದ್ದ ಜನ. ನನ್ನ ಮಾತು ಕೊನೆಗೂ ತಲುಪಿತು ಎಂದು ಬೀಗುತ್ತಾ ಚೀಲದಿಂದ ಲೋಟ ತೆಗೆದೆ. ಮೊದಲನೆಯಾಕೆ ತಮ್ಮ ಮನೆಯ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿದರು:

"ನಮ್ಮ ಮೂಟೆ ಕೋಣೇಲೂ, ಅಳತೆ ಜಾಸ್ತಿ ಬರೋ ಜಾಗ ನೋಡಿ ಕಟ್ಟಿ ಸಾರ್."