ಸಪ್ನಾ ಪರೀಕ್ಷೆಗೆ ಒಯ್ದ ಪುಸ್ತಕ

ಬಸವಕಲ್ಯಾಣದ ಸಪ್ನಾ ಹುಮನಾಬಾದಿನಲ್ಲಿ ಮೆಡಿಕಲ್ ಕೋಡಿಂಗ್ ಕಲಿತಳು. ರೋಗಿಯ ಕಾಯಿಲೆ, ಗಾಯಗಳಿಗೆ ಸರಿಯಾದ ಕೋಡ್ ಸಂಖ್ಯೆ ಹಾಕುವ ವಿದ್ಯೆ ಅದು. ಸರ್ಟಿಫಿಕೇಟ್ ಪರೀಕ್ಷೆಗೆಂದು ಹೈದರಾಬಾದಿಗೆ ಹೊರಟ ದಿನ, ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಅವಳ ಚೀಲದೊಳಗೆ ದಪ್ಪ ಪುಸ್ತಕ ಕಂಡು ಅಪ್ಪ ಅಮೋಘಸಿದ್ದಪ್ಪ ಸಿಡಿದೆದ್ದ.

“ಕಾಪಿ ಹೊಡಿಲಾಕ ಹೊಂಟೀಯೇನ? ನಡಿ ಮನಿಗಿ!”

“ಅಪ್ಪಾ, ಪುಸ್ತಕ ತರ್ರಿ ಅಂತ ಪರೀಕ್ಷಾದವರೇ ಹೇಳ್ಯಾರ. ಲಗೂನ ಹುಡುಕಿ ಸರಿ ಕೋಡ್ ಬರಿಬೇಕು, ಅದೇ ಪರೀಕ್ಷಾ.”

“ಹಂಗಾದ್ರ ನನಗ ಎತ್ತು ಒದ್ದಿತ್ತಲ್ಲ, ಅದನ್ನ ಹುಡುಕು ನೋಡಮು!”

ಬಸ್ಸು ಬರುವುದರೊಳಗೆ ಸಪ್ನಾ ಹಾಳೆ ತಿರುವಿ, ದನ ಒದ್ದ ಗಾಯದ ಕೋಡಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಪ್ಪ ತಾನೇ ಚೀಲ ಹೊತ್ತು ಬಸ್ಸು ಹತ್ತಿದ.

ಅವಳು ಪಾಸಾಗಿ ಕೆಲಸಕ್ಕೂ ಸೇರಿದಳು. ಈಗ ಓಣಿಯಲ್ಲಿ ಯಾರೇ ಕುಂಟಿದರೂ ಅಮೋಘಸಿದ್ದಪ್ಪ ಬಿಡುವುದಿಲ್ಲ: “ಎಲ್ಲಿ ಬಿದ್ರಿ? ಎಲ್ಲಾದಕ್ಕೂ ನಮ್ಮ ಸಪ್ನಾನ ಬಲ್ಲಿ ಕೋಡ್ ಅದ!”