ಕೆಂಪೊಂದು ಬಿಟ್ಟು ಎಲ್ಲವೂ ಇದೆ

ನಮ್ಮ ಅಮ್ಮ ಸಂಗೀತ ಕಲಿತವಳಲ್ಲ, ಆದರೆ ಹಾಡುತ್ತಿದ್ದಳು. ಆರ್.ಟಿ. ನಗರದ ನಮ್ಮ ಮನೆಯ ಹಾಲ್‌ನಲ್ಲಿ ಶುಕ್ರವಾರ ಸಂಜೆ ಬೀದಿಯ ಹೆಂಗಸರನ್ನೆಲ್ಲ ಚಾಪೆಯ ಮೇಲೆ ಕೂರಿಸಿ ದೇವರ ಹಾಡು ಹೇಳಿಕೊಡುತ್ತಿದ್ದಳು. ಹಾಡನ್ನು ಬಿಡಿ ಹಾಳೆಯಲ್ಲಿ ನೀಲಿ ಇಂಕಿನಿಂದ ಬರೆಯುತ್ತಿದ್ದಳು. ಆಮೇಲೆ ಸಾಲಿನ ಮೇಲೆ ಕೆಂಪು ಪೆನ್ಸಿಲ್ಲಿನಿಂದ ತನ್ನದೇ ಗುರುತುಗಳನ್ನು ಹಾಕುತ್ತಿದ್ದಳು. ಎಳೆಯಬೇಕಾದ ಕಡೆ ಗೀಟು, ದನಿ ಮೇಲೇರುವ ಕಡೆ ಕೊಕ್ಕೆ, ಉಸಿರು ತೆಗೆದುಕೊಳ್ಳುವ ಕಡೆ ಚುಕ್ಕಿ. ಗೀಟು ಎಷ್ಟು ಉದ್ದವೋ ಅಷ್ಟು ಎಳೆಯಬೇಕು. ಸ್ವರ ಬರೆಯಲು ಬಾರದವಳು ಧಾಟಿಯನ್ನು ಹಿಡಿದಿಡಲು ಕಂಡುಕೊಂಡ ದಾರಿ ಅದು.

ಅಕ್ಕನಿಗೆ ಅಮ್ಮನ ಕಂಠ ಬಂತು. ನನಗೆ ಏನು ಬಂತೋ ದೇವರಿಗೇ ಗೊತ್ತು. ನಾನು ಬಾಯಿ ಬಿಟ್ಟರೆ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಒಂದು ಸಂಜೆ ನಾನು ಮುಖ ಊದಿಸಿಕೊಂಡು ಎದ್ದು ಹೋದಾಗ ಅಮ್ಮ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಹಾಡೋಕೆ ಬರದಿದ್ರೆ ಬಿಡು, ಓದೋಕ್ ಕಲಿ" ಅಂದಳು. ಅವತ್ತಿನಿಂದ ಹಾಳೆ ಹಿಡಿಯುವುದು ನನ್ನ ಕೆಲಸವಾಯಿತು. ಯಾರಾದರೂ ಗೀಟಿಗಿಂತ ಮೊದಲೇ ನಿಲ್ಲಿಸಿದರೆ ನಾನು ಬೆರಳೆತ್ತಬೇಕು. ಅಕ್ಕ ತಪ್ಪಿದರೂ ಎತ್ತುತ್ತಿದ್ದೆ. ಆ ಮನೆಯಲ್ಲಿ ನನ್ನದು ಅಂತ ಇದ್ದ ಹೆಚ್ಚುಗಾರಿಕೆ ಅದೊಂದೇ.

ಅಮ್ಮ ತೀರಿಕೊಂಡದ್ದು ಜಕ್ಕೂರಿನಲ್ಲಿ, ಅಕ್ಕನ ಮನೆಯಲ್ಲಿ. ಅಮ್ಮನ ದನಿ ಎಲ್ಲೂ ಉಳಿದಿಲ್ಲ. ಫೋನು ಎದುರಿಗೆ ಹಿಡಿದರೆ ಹಾಡು ನಿಲ್ಲಿಸಿ "ಅದನ್ನ ಆ ಕಡೆ ಇಡೇ" ಅನ್ನುತ್ತಿದ್ದಳು. ಉಳಿದದ್ದು ಟ್ರಂಕಿನ ತುಂಬ ಹಾಳೆಗಳು. ಪ್ರತಿ ಹಾಳೆಯ ಮೂಲೆಯಲ್ಲೂ ಸರಸ್ವತಿ ಪೂಜೆಯ ದಿನ ಹಚ್ಚಿದ ಕುಂಕುಮ ಇತ್ತು.

ನಾನು ಯಲಹಂಕದ ಕಡೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವುದೇ ನನ್ನ ದಿನದ ಪಾಡು. ಹಾಳೆಗಳನ್ನು ನಾನೇ ಸ್ಕ್ಯಾನ್ ಮಾಡುತ್ತೇನೆ ಎಂದು ಅಕ್ಕನಿಗೆ ಹೇಳಿ, ಪರೀಕ್ಷೆಗೆಂದು ಆರತಿ ಹಾಡಿನ ಒಂದು ಹಾಳೆ ತಂದೆ. ಮೊದಲು ಕಪ್ಪು ಬಿಳುಪಿನಲ್ಲಿ ತೆಗೆದೆ. ಪೆನ್ಸಿಲ್ಲಿನ ಗೀಟು ತುಂಡು ತುಂಡಾಗಿ ಬಂತು. ಬೂದು ಬಣ್ಣದಲ್ಲಿ ಗೀಟು ಬಂತು, ಆದರೆ ಇಂಕಿನ ಜೊತೆ ಕಲಸಿಕೊಂಡು ಯಾವುದು ಅಕ್ಷರ, ಯಾವುದು ಕೊಕ್ಕೆ ತಿಳಿಯದಾಯಿತು. ಕಲರ್‌ಗೆ ಬದಲಾಯಿಸಿ ಸ್ಪಷ್ಟತೆಯನ್ನು ಆರುನೂರು ಡಿಪಿಐಗೆ ಏರಿಸಿದಾಗ ಅಮ್ಮ ಎಲ್ಲಿ ಒತ್ತಿ ಎಳೆದಿದ್ದಳು, ಎಲ್ಲಿ ಕೈ ಹಗುರ ಮಾಡಿದ್ದಳು ಎಂಬುದೂ ಕಂಡಿತು. ಜೆಪೆಗ್‌ನಲ್ಲಿ ಕಡತ ಚಿಕ್ಕದಾಗುತ್ತದೆ, ನಿಜ. ಆದರೆ ನಾನು ಪ್ರಯತ್ನಿಸಿದ ಮಟ್ಟಕ್ಕೆ ಕುಗ್ಗಿಸಿದಾಗ ಗೀಟಿನ ಸುತ್ತ ಕೊಳೆ ಮೆತ್ತಿದ ಹಾಗಾಯಿತು. ಇಟ್ಟುಕೊಳ್ಳುವುದಕ್ಕೆ ಏನನ್ನೂ ಕುಗ್ಗಿಸದ ಟಿಫ್, ಹಂಚುವುದಕ್ಕೆ ಪಿಡಿಎಫ್ ಎಂದು ತೀರ್ಮಾನಿಸಿ, ಹಾಳೆಯನ್ನು ಹಿಂದಿರುಗಿಸಿ, ಲ್ಯಾಪ್‌ಟಾಪಿನಲ್ಲಿ ಅಕ್ಕನಿಗೆ ತೋರಿಸಿದೆ.

"ಒಂದ್ ಹಾಳೆ ಇಷ್ಟೊಂದ್ ಜಾಗ ತಿನ್ನುತ್ತಾ? ಭಜನೆ ಗ್ರೂಪಲ್ಲಿ ಹೆಂಗೆ ಕಳ್ಸೋದು?" ಅಂದಳು ಅಕ್ಕ.

"ಕಳ್ಸೋಕೆ ಬೇರೆ ಮಾಡ್ತೀನಿ. ಇದು ಇಟ್ಕೊಳ್ಳೋಕೆ. ಬಣ್ಣ ಇರ್ಲೇಬೇಕು ಅಕ್ಕ, ಇಲ್ದಿದ್ರೆ ಧಾಟಿನೇ ಹೋಗುತ್ತೆ."

"ಆಯ್ತು ಕಣೇ, ನೀನ್ ಹೇಳ್ದಂಗೇ ಆಗ್ಲಿ. ಇಬ್ರೂ ನೋಡೋವರ್ಗೂ ಹಾಳೆಗಳು ಎಲ್ಲೂ ಹೋಗಲ್ಲ. ರಜಾ ಹಾಕ್ಕೊಂಡ್ ಬಾ."

ಆ ಮಾತನ್ನು ನಂಬಿ ನಾನು ರಜೆಗೆ ಅರ್ಜಿ ಹಾಕಿದೆ. ಅಕ್ಕನ ಮಾತು ನಂಬದೆ ಇನ್ಯಾರ ಮಾತು ನಂಬಲಿ?

ರಜೆ ಮಂಜೂರಾಗುವ ಮೊದಲೇ ಒಂದು ಬೆಳಿಗ್ಗೆ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತೇ ಇದ್ದಾಗ, ವಾಟ್ಸಾಪಿನಲ್ಲಿ ಪಿಡಿಎಫ್ ಬಂತು. ಜೊತೆಗೊಂದು ಧ್ವನಿ ಸಂದೇಶ: "ನಿಂಗ್ಯಾಕೆ ತೊಂದ್ರೆ ಅಂತ ನಿಮ್ ಭಾವನ ಆಫೀಸಲ್ಲೇ ಮಾಡಿಸ್ಬಿಟ್ಟೆ ಕಣೇ. ನೋಡು ಎಷ್ಟ್ ನೀಟಾಗಿದೆ."

ನೀಟಾಗಿತ್ತು. ಬೆಳ್ಳಗಿನ ಪುಟ, ಕರ್ರಗಿನ ಅಕ್ಷರ. ಕುಂಕುಮ ಇಲ್ಲ. ಗೀಟಿಲ್ಲ, ಕೊಕ್ಕೆ ಇಲ್ಲ, ಚುಕ್ಕಿ ಇಲ್ಲ. ಬೆರಳಿಂದ ಪುಟ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ತುಂಡಾದ ಗೀಟು ಕೂಡ ಇರಲಿಲ್ಲ. ಕೂಡಲೇ ಅಕ್ಕನಿಗೆ ಫೋನು ಮಾಡಿ ಹಾಳೆಗಳೆಲ್ಲಿ ಎಂದು ಕೇಳಿದೆ.

"ಕುಂಕುಮ ಹಚ್ಚಿರೋ ಹಾಳೆನ ರದ್ದಿಗೆ ಹಾಕೋಕಾಗುತ್ತಾ? ಅಶ್ವತ್ಥ ಕಟ್ಟೆ ಮೇಲೆ ಇಡಿಸ್ದೆ," ಅಂದಳು.

ನಮ್ಮಲ್ಲಿ ಒಡೆದ ದೇವರ ಫೋಟೊ, ಹಳೆಯ ಪಂಚಾಂಗ, ಪೂಜೆ ಕಂಡ ಯಾವುದನ್ನೂ ಕಸಕ್ಕೆ ಹಾಕುವುದಿಲ್ಲ. ಕಟ್ಟೆಯ ಮೇಲಿಟ್ಟು ಕೈಮುಗಿದು ಬಂದರೆ ದೋಷ ಕಳೆಯಿತು. ಆಮೇಲೆ ಅದನ್ನು ಕಸದ ಗಾಡಿಯೇ ಒಯ್ಯುತ್ತದೆ ಎಂದು ಎಲ್ಲರಿಗೂ ಗೊತ್ತು. ನಾನು ಕೆಲಸಕ್ಕೆ ಚಕ್ಕರ್ ಹೊಡೆದು ಜಕ್ಕೂರಿಗೆ ಓಡಿದೆ. ಕಟ್ಟೆಯ ಮೇಲೆ ಗಾಜೊಡೆದ ಫೋಟೊಗಳಿದ್ದವು, ಒಣಗಿದ ಹಾರ ಇತ್ತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು "ಪೇಪರ್ರಾ? ಅವು ಆಗ್ಲೇ ಗಾಡಿಗೋದ್ವು ಕಣಮ್ಮ. ಇಂಗ್ ಬಂದು ಅಂಗ್ ತುಂಬ್ಕೊಂಡೋದ್ರು," ಅಂದಳು.

ಆಗಲೂ ನಾನು ಅಕ್ಕನ ಪರವಾಗಿಯೇ ವಾದ ಮಾಡುತ್ತಿದ್ದೆ, ನನ್ನೊಳಗೇ. ಭಾವನದು ಕಟ್ಟಡ ಕಟ್ಟಿಸುವ ಆಫೀಸು. ಅಲ್ಲಿನ ಸ್ಕ್ಯಾನರ್ ಬಿಲ್ಲು, ಅರ್ಜಿಗಳಿಗೆಂದು ಇಟ್ಟದ್ದು. ಅಂಥ ಯಂತ್ರಗಳಲ್ಲಿ ಕೆಂಪು ಬಣ್ಣವನ್ನು ಬಿಟ್ಟು ಓದುವ ಸೆಟ್ಟಿಂಗ್ ಇರುತ್ತದೆ. ಫಾರಂಗಳ ಕೆಂಪು ಚೌಕಗಳು ಮಾಯವಾಗಿ ಬರೆದದ್ದು ಮಾತ್ರ ಉಳಿಯಲಿ ಅಂತ. ಅದು ಹಾಗೇ ಆನ್ ಆಗಿತ್ತೇನೋ, ಪಾಪ, ಅಕ್ಕನಿಗೇನು ಗೊತ್ತು ಅಂದುಕೊಂಡೆ. ಕಲರ್ ಕಡತ ಎಲ್ಲಾದರೂ ಉಳಿದಿರಬಹುದೆಂಬ ಆಸೆಯಿಂದ ಆಫೀಸಿಗೆ ಹೋದೆ.

ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ನಗುತ್ತಲೇ ಹೇಳಿದಳು. "ಮೊದ್ಲು ಕಲರಲ್ಲೇ ಮಾಡಿದ್ವಿ ಮೇಡಂ. ನಿಮ್ಮಕ್ಕ ನೋಡ್ಬಿಟ್ಟು, ಈ ಕೆಂಪು ಗೀಟೆಲ್ಲ ಬೇಡ, ತೆಗೀರಿ ಅಂದ್ರು. ಅದ್ಕೇ ಸೆಟ್ಟಿಂಗ್ ಚೇಂಜ್ ಮಾಡಿ ಪುನಃ ಎಲ್ಲಾ ಮಾಡಿದ್ದು."

"ಮೊದ್ಲು ಮಾಡಿದ್ದು?"

"ಎರಡೆರಡಿದ್ರೆ ಕನ್‌ಫ್ಯೂಸ್ ಆಗುತ್ತೆ ಅಂತ ಡಿಲೀಟ್ ಮಾಡ್ಸಿದ್ರು."

ಯಂತ್ರದ ತಪ್ಪಾಗಿದ್ದರೆ ಅದಕ್ಕೆ ಬೈದುಕೊಂಡು ಬದುಕಬಹುದಿತ್ತು. ಬಣ್ಣ ಹೋದರೆ ಏನು ಹೋಗುತ್ತದೆ ಎಂದು ನಾನೇ ಪಕ್ಕದಲ್ಲಿ ಕೂತು ತೋರಿಸಿದ್ದೆ. ಅದನ್ನು ಕೇಳಿಸಿಕೊಂಡ ಮೇಲೆ, ಅದು ಹೋಗಲಿ ಅಂತಲೇ ಮಾಡಿಸಿದ್ದಳು. ಅಕ್ಕ ನನಗೆ ಮೋಸ ಮಾಡಿದ್ದಳು.

ಮನೆಗೆ ಹೋದರೆ ಅಕ್ಕ ಬಾಳೆಕಾಯಿ ಹೆಚ್ಚುತ್ತಿದ್ದಳು. ನಾನು ಕೂಗಾಡಿದೆ. ಅವಳು ಕೂಗಾಡಲಿಲ್ಲ. ಅಮ್ಮನ ವರ್ಷಾಬ್ದಿಕಕ್ಕೆ ಹಾಡಿನ ಪುಸ್ತಕ ಅಚ್ಚು ಹಾಕಿಸುತ್ತಿದ್ದೇನೆ, ಗೀಟು ಇದ್ದರೆ ಗಲೀಜಾಗಿ ಕಾಣುತ್ತದೆ ಅಂದಳು.

"ಪುಸ್ತಕಕ್ಕೆ ತೆಗೀಬೇಕಿತ್ತು, ಸರಿ. ಹಾಳೆ ಯಾಕೆ ಕಳ್ಸಿದೆ? ಕಲರ್ ಫೈಲ್ ಯಾಕೆ ಅಳಿಸ್ದೆ?"

ಅಕ್ಕ ಚಾಕು ಕೆಳಗಿಟ್ಟಳು. "ಗ್ರೂಪಲ್ಲಿ ಹೇಳ್ಕೊಡೋಳು ನಾನು. ನಾನೊಂದ್ ಥರ ಹಾಡಿದ್ರೆ, ಗೀಟು ಇನ್ನೊಂದ್ ಥರ ಇದೆ ಅಂತ ನೀನು ಬೆರಳೆತ್ತೋದು. ಇನ್ನೂ ಎಷ್ಟ್ ದಿನ? ನಿಂಗೆ ಹಾಡೋಕೇ ಬರಲ್ಲ. ನಿಂಗ್ಯಾಕೇ ಬೇಕು ಅದು?"

ಕಾಫಿ ಕುಡಿಯದೆ ಬಂದೆ. ಅಕ್ಕನ ಮನೆಯಿಂದ ಹಾಗೆ ಬಂದದ್ದು ಅದೇ ಮೊದಲು.

ಮನೆಯಲ್ಲಿ ಲ್ಯಾಪ್‌ಟಾಪ್ ತೆಗೆದು ನೋಡಿದರೆ ಪರೀಕ್ಷೆಗೆ ತೆಗೆದ ಆರತಿ ಹಾಡೊಂದು ಉಳಿದಿತ್ತು. ಅದರ ಕೆಂಪು ನೋಡಿ ಬಿಕ್ಕಿ ಬಿಕ್ಕಿ ಅತ್ತೆ. ಮತ್ತೆ ಕೋಪ ಬಂತು. ಆ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ.

ವರ್ಷಾಬ್ದಿಕದ ಕಾರ್ಯ ಮುಗಿದ ಮೇಲಿನ ಶುಕ್ರವಾರ ಅಕ್ಕನ ಮನೆಯಲ್ಲಿ ಭಜನೆ. ಅಮ್ಮನಿಗೋಸ್ಕರ ಹೋದೆ, ಹಿಂದಿನ ಸಾಲಿನಲ್ಲಿ ಕೂತೆ. ಎಲ್ಲರ ಕೈಯಲ್ಲೂ ಹೊಸ ಪುಸ್ತಕ. ಅಕ್ಕ ತೊಟ್ಟಿಲ ಹಾಡು ಎತ್ತಿಕೊಂಡಳು. ಅವಳ ದನಿ ಚೆನ್ನಾಗಿದೆ, ಅದನ್ನು ಇಲ್ಲ ಅನ್ನಲಾರೆ. ಮೂರನೆಯ ಸಾಲಿಗೆ ಬಂದಾಗ ಆರ್.ಟಿ. ನಗರದ ನಮ್ಮ ಹಳೆಯ ಪಕ್ಕದ ಮನೆಯಾಕೆ ಕೈ ಅಡ್ಡ ಹಿಡಿದರು.

"ಅಲ್ಲ ಕಣಮ್ಮ, ಇಲ್ಲಿ ನಿಮ್ಮಮ್ಮ ಬೇರೆ ಥರ ಎಳೀತಿದ್ರು. ಎದೆ ಜುಮ್ ಅನ್ನೋದು."

ಅಕ್ಕ ಇನ್ನೊಮ್ಮೆ ಹಾಡಿದಳು. ಆಕೆ ಅಲ್ಲವೆಂದು ತಲೆಯಾಡಿಸಿದರು. ಅಕ್ಕ ಕಣ್ಣು ಮುಚ್ಚಿ ಮತ್ತೊಮ್ಮೆ ಪ್ರಯತ್ನಿಸಿ ಅರ್ಧಕ್ಕೇ ನಿಲ್ಲಿಸಿದಳು. ಅಮ್ಮ ಎಳೆಯುತ್ತಿದ್ದುದು ಹಾಗಲ್ಲ ಎಂದು ಅವಳಿಗೂ ಗೊತ್ತಾಗಿತ್ತು.

"ಹಿಂದೆ ಕೂತಿದಾಳಲ್ಲ, ಅವಳನ್ನ ಕೇಳು," ಅಂದರು ಆಕೆ. "ಹಾಳೆ ಹಿಡ್ಕೊಂಡ್ ಎಲ್ರ ತಪ್ಪೂ ಹಿಡೀತಿದ್ದೋಳು ಅವಳೇ ಅಲ್ವಾ?"

ಎಲ್ಲರೂ ತಿರುಗಿದರು. ನಾನು ಪುಸ್ತಕದ ಆ ಪುಟ ತೆರೆದೆ. ಸಾಲಿನ ಮೇಲೆ ಬರೀ ಬಿಳಿ. ಆ ಹಾಳೆಯನ್ನು ವರ್ಷಗಟ್ಟಲೆ ಹಿಡಿದಿದ್ದೇನೆ, ಆದರೆ ಹಾಳೆ ಕೈಯಲ್ಲೇ ಇರುತ್ತಿದ್ದುದರಿಂದ ಬಾಯಿಪಾಠ ಮಾಡಿರಲಿಲ್ಲ.

"ಎಷ್ಟ್ ಉದ್ದ ಇತ್ತೇ ಗೀಟು?" ಅಕ್ಕ ಕೇಳಿದಳು. ಅವಳ ದನಿ ಸಣ್ಣಗಾಗಿತ್ತು.

"ಗೊತ್ತಿಲ್ಲ ಅಕ್ಕ," ಅಂದೆ.

ನಾನು ಸೇಡಿಗೆ ಹಾಗೆ ಹೇಳುತ್ತಿದ್ದೇನೆ ಅಂದುಕೊಂಡು ಅವಳು ನನ್ನನ್ನೇ ನೋಡಿದಳು. ಅಲ್ಲ ಎಂದು ತಿಳಿದ ಮೇಲೆ ತಲೆ ತಗ್ಗಿಸಿದಳು. ಯಾರೋ ತಾಳ ಹಾಕಿದರು, ಹೆಂಗಸರೆಲ್ಲ ಸೇರಿ ಆ ಸಾಲನ್ನು ಎಲ್ಲೂ ಎಳೆಯದೆ ಸೀದಾ ಹಾಡಿ ಮುಂದಿನ ಸಾಲಿಗೆ ಹೋದರು.